ಏಳನೆಯ ಸಾಲಿನ ಹಿಮ

ಸುಮಂಗಲಾ ಬಾಯಿಂದ ಸುಳ್ಳಾಡಿದವಳಲ್ಲ. ಹದಿನಾಲ್ಕು ವರ್ಷದ ನೌಕರಿಯಲ್ಲಿ, ಇಪ್ಪತ್ತೊಂದು ವರ್ಷದ ಸಂಸಾರದಲ್ಲಿ, ಬೇಕಾದಾಗ ಮಾತು ನುಂಗಿದ್ದಾಳೆಯೇ ಹೊರತು ಇಲ್ಲದ್ದನ್ನು ಉಂಟೆಂದು ಹೇಳಿದವಳಲ್ಲ. ಅವಳು ಹೇಳಿದ ಒಂದೇ ಒಂದು ಸುಳ್ಳನ್ನು ಕೈಯಿಂದ ಹೇಳಿದಳು. ಅದು ಕಂಪ್ಯೂಟರಿನ ಪರದೆಯ ಮೇಲೆ ನಾಲ್ಕು ಬೆರಳು ಉದ್ದದ ಗೆರೆ. ನೆಲದ ಮೇಲಾದರೆ ಎಪ್ಪತ್ತು ಮೀಟರು. ನೆಲ ಇದ್ದದ್ದು ಕೆನಡಾದ ಉತ್ತರದಲ್ಲಿ. ಗೆರೆ ಎಳೆದದ್ದು ಪುಣೆಯ ಮಗರಪಟ್ಟಾದಲ್ಲಿ, ಐದನೆಯ ಮಹಡಿಯ ಒಂದು ಆಫೀಸಿನಲ್ಲಿ.

ಆ ಕೆಲಸ ಎಂಥದೆಂದು ಮೊದಲು ಹೇಳಿಬಿಡುವುದು ಒಳ್ಳೆಯದು. ಅವಳ ಅತ್ತೆ ರಂಗೂಬಾಯಿಗಂತೂ ಅದು ಇವತ್ತಿಗೂ ತಿಳಿದಿಲ್ಲ. "ಕಾಣದ ನೆಲಾ ಅಳದು ಪಗಾರ ತರ್ತಾಳ್ರಿ ನಮ್ಮ ಸೊಸಿ" ಎಂದು ಹಡಪಸರದ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾರೆ.

ಉತ್ತರದ ಆ ಸೀಮೆಯಲ್ಲಿ ನೆಲವೆಂದರೆ ಮಣ್ಣಲ್ಲ. ಸತ್ತ ಪಾಚಿ ಕೊಳೆಯದೆ ಪದರದ ಮೇಲೆ ಪದರ ಬಿದ್ದು ಸಾವಿರಾರು ವರ್ಷ ಒತ್ತಿಕೊಂಡು ಆದ ಕಪ್ಪು ಮೆತ್ತೆ. ಪೀಟ್ ಎನ್ನುತ್ತಾರೆ ಅದಕ್ಕೆ. ಕಾಲಿಟ್ಟರೆ ಹಾಸಿಗೆಯಂತೆ ಕುಸಿಯುತ್ತದೆ. ಅದರಡಿಗೆ, ಮೊಳಕಾಲಿನ ಆಳದಲ್ಲಿ, ಬೇಸಗೆಗೂ ಕರಗದ ಹೆಪ್ಪುಗಟ್ಟಿದ ನೆಲ ಕಲ್ಲಿನಂತೆ ಕೂತಿರುತ್ತದೆ. ಆ ಹಿಮ ಗಟ್ಟಿಯಿರುವ ತನಕ ಮೇಲಿನ ಮನೆ, ದಾರಿ, ಹಿರಿಯರ ಗೋರಿ ಎಲ್ಲ ನಿಂತಿರುತ್ತವೆ. ಹಿಮ ಎಷ್ಟು ಕೆಳಗಿಳಿದಿದೆ ಎಂದು ನೋಡಲು ಅಗೆದರೆ, ಅಗೆದ ದಾರಿಯಿಂದಲೇ ಬಿಸಿ ಒಳಗಿಳಿಯುತ್ತದೆ. ಎರಡು ಬೇಸಗೆಗೆ ಕುಣಿಯು ಹೊಂಡವಾಗುತ್ತದೆ, ಹತ್ತಕ್ಕೆ ಹೊಂಡವು ಕೆರೆಯಾಗುತ್ತದೆ. ರೋಗ ನೋಡಲೆಂದು ಕೊಯ್ದ ಗಾಯದಿಂದಲೇ ಸಾಯುವಂಥ ಮೈ ಅದು.

ಆದ್ದರಿಂದ ಅಗೆಯದೆ ನೋಡಬೇಕು. ಪ್ರತಿವರ್ಷ ಸೆಪ್ಟೆಂಬರಿನಲ್ಲಿ ಆ ಊರಿನವರೇ ಒಂದು ರೇಡಾರ್ ಪೆಟ್ಟಿಗೆಯನ್ನು ಪಾಚಿಯ ಮೇಲೆ ಎಳೆದುಕೊಂಡು ನಡೆಯುತ್ತಿದ್ದರು. ಪೆಟ್ಟಿಗೆ ನೆಲದೊಳಗೆ ಅಲೆ ಕಳಿಸುತ್ತದೆ. ಕೆಳಗೆ ಯಾವುದಕ್ಕೋ ತಾಗಿ ಅಲೆ ಮರಳುತ್ತದೆ. ಮರಳಿದ್ದೆಲ್ಲ ಕಪ್ಪು-ಬಿಳಿ ಪಟ್ಟಿಗಳಾಗಿ ಮಗರಪಟ್ಟಾಕ್ಕೆ ಬರುತ್ತದೆ. ಆ ಪಟ್ಟಿಗಳಲ್ಲಿ ಹಿಮದ ನೆತ್ತಿ ಯಾವುದೆಂದು ಗುರುತಿಸಿ ಅದರ ಗುಂಟ ಗೆರೆ ಎಳೆಯುವುದು ಸುಮಂಗಲಾಳ ಕೆಲಸ. ಒಂಬತ್ತು ಸೆಪ್ಟೆಂಬರುಗಳಿಂದ ಅದೇ ಊರಿನ ಅದೇ ಹನ್ನೆರಡು ಸಾಲುಗಳು. ಹಿಮವನ್ನು ಫ್ರಿಜ್ಜಿನಲ್ಲಲ್ಲದೆ ಬೇರೆಲ್ಲೂ ಕಾಣದ ಹೆಂಗಸಿಗೆ ಆ ನೆಲದ ಏರು ತಗ್ಗು ತನ್ನ ಅಡಿಗೆಮನೆಯ ಕಟ್ಟೆಯಷ್ಟು ಪರಿಚಯವಾಗಿತ್ತು.

ಓದುವವರು ಯಾವಾಗಲೂ ಇಬ್ಬರು. ಇದು ಆ ಆಫೀಸಿನ ಕಟ್ಟಳೆ. ಮೊದಲನೆಯ ಓದು ಪ್ರಲ್ಹಾದರದು, ಎರಡನೆಯದು ಇವಳದು; ಬೇರೆ ಬೇರೆ ಕೋಣೆ, ಒಬ್ಬರ ಗೆರೆ ಇನ್ನೊಬ್ಬರು ನೋಡುವಂತಿಲ್ಲ. ಈ ವರ್ಷ ಆ ಕಟ್ಟಳೆಗೆ ಕಾಗದದ ಬಲವೂ ಬಂದಿತ್ತು. ಊರಿನಿಂದ ಹೆದ್ದಾರಿಗೆ ಜಲ್ಲಿಯ ರಸ್ತೆ ಹಾಕುವುದೆಂದಾಗಿತ್ತು. ಆಂಬುಲೆನ್ಸು, ಎಣ್ಣೆಯ ಟ್ಯಾಂಕರು ವರ್ಷಪೂರ್ತಿ ಬರಲೆಂದು ಊರಿನವರಿಗೂ ರಸ್ತೆ ಬೇಕಿತ್ತು. ಆದರೆ ನೆಲ ಕೊರೆಯಲು ಅವರು ಒಪ್ಪಲಿಲ್ಲ. ಕೊರೆಯದೆ ರಸ್ತೆ ಹಾಕಲು ಗುತ್ತಿಗೆಯವರು ಒಪ್ಪಲಿಲ್ಲ. ಜಗ್ಗಾಡಿ ಜಗ್ಗಾಡಿ ಒಂದು ಒಪ್ಪಂದವಾಯಿತು. ಇಬ್ಬರ ಗೆರೆ ಒಂದು ಗೇಣಿನೊಳಗೆ ಕೂಡಿದರೆ ಕೊರೆಯುವುದಿಲ್ಲ. ಕೂಡದಿದ್ದರೆ ಇಬ್ಬರೂ ಒಮ್ಮೆ ಎದುರು ಬದುರು ಕೂತು ಚರ್ಚಿಸಿ ಒಂದು ಮಾತಿಗೆ ಬರಬಹುದು. ವರದಿ ಹೋದ ಮೇಲೆ ಮಾತು ಬದಲಾದರೆ ಮಾತ್ರ ಗುತ್ತಿಗೆಯವರು ಯಂತ್ರ ಇಳಿಸುತ್ತಾರೆ.

ಪ್ರಲ್ಹಾದ ಬೆಳಗಾವಿಯ ಕಡೆಯವರು. ಅರವತ್ತು ತುಂಬಲು ಬಂದಿತ್ತು, ಡಿಸೆಂಬರಿಗೆ ನಿವೃತ್ತಿ. ಬಿಳಿ ಬುಶ್ ಶರ್ಟು, ಎದೆಯ ಮೇಲೆ ಕನ್ನಡಕದ ದಾರ. ಸುಮಂಗಲಾಳಿಗೆ ಈ ವಿದ್ಯೆಯ ಅಕ್ಷರಾಭ್ಯಾಸ ಮಾಡಿಸಿದವರೇ ಅವರು. "ಇಲ್ಲೆ ನೋಡು, ಕರೀದು, ಬಿಳೀದು, ಮತ್ತ ಕರೀದು. ಈ ಕ್ರಮದಾಗ ಬಂದ್ರ ಹಿಮ. ಬಿಳಿ, ಕರಿ, ಬಿಳಿ ಬಂತಂದ್ರ ನೀರು. ಎಷ್ಟ ಘಟ್ಟಿ ಕಂಡ್ರೂ ಅದು ನೀರ. ಮೋಸ ಹೋಗಬ್ಯಾಡ" ಎಂದು ಮೊದಲ ವಾರದಲ್ಲೇ ಹೇಳಿಕೊಟ್ಟಿದ್ದರು. ಅವಳಿಗೆ ಅದು ಬೇಗ ಹತ್ತಿತು. ಅವಳಪ್ಪ ಧಾರವಾಡದ ಮಠದಲ್ಲಿ ಚಾತುರ್ಮಾಸ್ಯದ ನಾಲ್ಕು ತಿಂಗಳು ಕಾವ್ಯ ಓದುತ್ತಿದ್ದರು. ಕಂಬಕ್ಕೊರಗಿ ಕೇಳುತ್ತ ಬೆಳೆದ ಹುಡುಗಿಗೆ ಅರ್ಥ ಆಗದಿದ್ದರೂ ಮಾತ್ರೆ ತಪ್ಪಿದ್ದು ಗೊತ್ತಾಗುತ್ತಿತ್ತು. ಒಂಬತ್ತು ವರ್ಷದವಳಿದ್ದಾಗ ಒಮ್ಮೆ ತುಂಬಿದ ಸಭೆಯಲ್ಲಿ "ಅಪ್ಪಾ, ಒಂದು ಮಾತ್ರೆ ಬಿಟ್ಟಿ" ಎಂದುಬಿಟ್ಟಿದ್ದಳು. ಅವ್ವ ತೊಡೆ ಹಿಂಡಿದ ಗುರುತು ನಾಲ್ಕು ದಿನ ಇತ್ತು. "ಓದವರು ತಪ್ಪಿದ್ರ ಕೇಳವರು ತಲಿ ತಗ್ಗಸಬೇಕು. ಮನಿಗೆ ಬಂದು ಹೇಳಬೇಕು," ಎಂದಿದ್ದಳು ಅವ್ವ. ಆದರೆ ಮನೆಗೆ ಬರುವಷ್ಟರಲ್ಲಿ ಎಲ್ಲರಿಗೂ ಹಸಿವಾಗಿರುತ್ತಿತ್ತು. ಹೇಳುವ ಹೊತ್ತು ಯಾವತ್ತೂ ಬರಲಿಲ್ಲ.

ಅಕ್ಟೋಬರಿನ ಸೆಕೆಯಲ್ಲಿ ಈ ವರ್ಷದ ಸಾಲುಗಳು ಬಂದವು. ಏಳನೆಯದು ರಸ್ತೆ ಹೋಗಬೇಕಾದ ದಿಬ್ಬದ ಮೇಲಿನದು. ಅದನ್ನು ತೆರೆದು ಸುಮಂಗಲಾ ಎಡದಿಂದ ಬಲಕ್ಕೆ ಓದುತ್ತ ಹೋದಳು. ಮುನ್ನೂರ ಹತ್ತು ಮೀಟರಿನವರೆಗೆ ಕರಿ, ಬಿಳಿ, ಕರಿ. ಅಲ್ಲಿಂದ ಮುಂದೆ ಅದೇ ಎತ್ತರದಲ್ಲಿ, ಅಷ್ಟೇ ಗಟ್ಟಿಯಾಗಿ, ಬಿಳಿ, ಕರಿ, ಬಿಳಿ. ಮುನ್ನೂರ ಎಂಬತ್ತಕ್ಕೆ ಮತ್ತೆ ಸರಿಹೋಗಿತ್ತು. ನಡುವಿನ ಎಪ್ಪತ್ತು ಮೀಟರಿನಲ್ಲಿ ಕೆಳಗೆ, ಬಹಳ ಕೆಳಗೆ, ಹೊಗೆಯಂಥ ಇನ್ನೊಂದು ಪಟ್ಟಿ ಜೋಲಿಯಂತೆ ಇಳಿದು ಏರಿತ್ತು. ಹಿಮ ಅಲ್ಲಿ ಆಳು ಮುಳುಗುವಷ್ಟು ಕೆಳಗೆ ಹೋಗಿದೆ, ಮೇಲೆ ಮಿರುಗುತ್ತಿರುವುದು ಬರೀ ನೀರು ಎಂದು ಅವಳ ಕಣ್ಣು ಹೇಳಿತು.

ಹನ್ನೊಂದಕ್ಕೆ ಲಿಫ್ಟಿನ ಪಕ್ಕದ ಚಹಾ. ಪ್ರಲ್ಹಾದರು ಆಗಲೇ ಕಪ್ಪು ಹಿಡಿದು ನಿಂತಿದ್ದರು. ಚಹಾದ ಹೊತ್ತಿಗೆ ಓದಿದ್ದರ ಮಾತಾಡುವುದು ಅವರ ರೂಢಿ. ಹದಿನಾಲ್ಕು ವರ್ಷದಿಂದ ಅದನ್ನು ಯಾರೂ ಕಟ್ಟಳೆಗೆ ಹೊರತೆಂದು ಎಣಿಸಿರಲಿಲ್ಲ.

"ಏಳನೇ ಸಾಲು ನೋಡಿದಿ ಏನವಾ? ಏನ ಛಂದ ಬಂದದ. ಒಂದ ಪಾತಳಿ! ಎಣ್ಣಿ ಹಚ್ಚಿದ ಕಲ್ಲಿನಂಗ. ಇದರ ಮ್ಯಾಲೆ ರಸ್ತಾ ಅಲ್ಲ, ರೈಲ್ವೆ ಹಾಕ್ರಿ ಅಂತೀನಿ ನಾ."

"ಮುನ್ನೂರ ಹತ್ತರ ಮುಂದೂ ಏನ್ರಿ ಸರ್?"

ಪ್ರಲ್ಹಾದರು ಕಪ್ಪಿನ ಮೇಲಿಂದ ಅವಳನ್ನು ನೋಡಿದರು. "ಮುಂದೂ. ಕೊನೀತನಕಾ. ಯಾಕ?"

"ಏನಿಲ್ರಿ, ಸುಮ್ನ ಕೇಳ್ದೆ."

"ಗುರುವಿಗೇ ತಿರುಮಂತ್ರ ಹಾಕ್ಲಿಕ್ಕೆ ಬಂದಿ ಅನಕೊಂಡೆ," ಎಂದು ನಕ್ಕರು. "ಚಹಾ ಕುಡಿ, ಆರ್ತದ."

ತನ್ನ ಕೋಣೆಗೆ ಬಂದು ಅವಳು ಕೆಳಗಿನ ಹೊಗೆಪಟ್ಟಿಯ ಗುಂಟ ಗೆರೆ ಎಳೆದಳು. ನೋಡಿದಳು. ಮೂವತ್ತು ವರ್ಷದಿಂದ ಓದುತ್ತಿರುವವರಿಗೆ ಕಾಣದ್ದು ತನಗೆ ಕಂಡಿತೆಂದರೆ ಕೆಟ್ಟದ್ದು ತನ್ನ ಕಣ್ಣೇ ಇರಬೇಕು ಎನ್ನಿಸಿತು. ಮತ್ತೆ ನೋಡಿದಳು. ಪಟ್ಟಿಗಳ ಕ್ರಮ ತಿರುಗಿಯೇ ಇತ್ತು. ಹೋಗಿ ಬಾಗಿಲು ತಟ್ಟಿ "ಸರ್, ಇದು ನೀರಲ್ಲೇನ್ರಿ?" ಎಂದರೆ ಎರಡು ನಿಮಿಷದ ಮಾತು. ಅವಳಿಗೆ ಅದು ತುಂಬಿದ ಸಭೆಯಲ್ಲಿ ಎದ್ದು ನಿಂತಂತೆ ಕಂಡಿತು. ಊಟದ ಹೊತ್ತಿಗೆ ಆ ಗೆರೆ ಅಳಿಸಿದಳು. ಮೇಲಿನ ಹೊಳೆಯುವ ಪಟ್ಟಿಯ ಗುಂಟ, ಪ್ರಲ್ಹಾದರ ಕೈ ಎಲ್ಲಿ ಹೋಗಿರಬಹುದೋ ಅಲ್ಲಿಯೇ, ಹೊಸದು ಎಳೆದಳು.  

ಎರಡು ಓದುಗಳನ್ನೂ ಒಂದರ ಮೇಲೊಂದು ಇಟ್ಟು ನೋಡುವುದು ಅಪೇಕ್ಷಾಳ ಕೆಲಸ. ಉಡುಪಿಯ ಕಡೆಯ ಮನೆತನ, ಬೆಂಗಳೂರಿನಲ್ಲಿ ಓದಿ ಪುಣೆಗೆ ಬಂದವಳು. ಗಿರಾಕಿಗಳೊಡನೆ ಮಾತುಕತೆಯೆಲ್ಲ ಅವಳದೇ. ಹನ್ನೆರಡು ಸಾಲುಗಳಲ್ಲಿ ಎಲ್ಲಿಯೂ ನಾಲ್ಕು ಬೆರಳಿಗಿಂತ ಹೆಚ್ಚು ಅಂತರ ಇರಲಿಲ್ಲ. ವರದಿ ಶುಕ್ರವಾರ ಹೋಯಿತು. ಸಂತೋಷಕ್ಕೆ ಪ್ರಲ್ಹಾದರು ಎಲ್ಲರನ್ನೂ ಪಕ್ಕದ ಬೀದಿಯ, ಮಂಗಳೂರಿನ ಕಡೆಯ ಸುಖೇಶನ ಹೋಟೆಲಿಗೆ ಊಟಕ್ಕೆ ಕರೆದೊಯ್ದರು.

ಸುಖೇಶ್ ಕೌಂಟರ್ ಬಿಟ್ಟು ಬಂದು ಮೇಜಿನ ಪಕ್ಕ ನಿಂತ. "ಎಂತ ಮಾರಾಯ್ರೆ, ಇಬ್ರು ಬೇರೆ ಬೇರೆ ಕೋಣೆಯಲ್ಲಿ ಕೂತು ಒಂದೇ ಗೆರೆ ಎಳೆದದ್ದಾ? ನಮ್ಮಲ್ಲಿ ಒಂದೇ ಕಾವಲಿಗೆ ಇಬ್ರು ಹೊಯ್ದ ದೋಸೆ ಒಂದೇ ಥರ ಬರುದಿಲ್ಲ!"

"ದ್ವಾಸಿಗೆ ಗುರು ಇಲ್ಲಲ್ಲೊ ಸುಖೇಶ, ಅದಕ್ಕ," ಎಂದರು ಪ್ರಲ್ಹಾದ.

"ಅಕ್ಕ, ಸೀರಿಯಸ್ಲಿ, ನಿಮ್ಮಿಬ್ರದ್ದು ಜಾತಕ ಕೂಡಿದ್ಹಾಗೆ ಕೂಡಿದೆ," ಎಂದು ಅಪೇಕ್ಷಾ ನಕ್ಕಳು. "ಗುತ್ತಿಗೆಯವರು ಏನಂದ್ರು ಗೊತ್ತಾ? ಇಷ್ಟು ಕ್ಲೀನ್ ಆಗಿ ಯಾರ್ದೂ ಬಂದಿಲ್ವಂತೆ."

ಸುಮಂಗಲಾಳ ತಟ್ಟೆಗೆ ಸುಖೇಶ್ ತಾನೇ ಕೈಯಾರೆ ಇನ್ನೊಂದು ಚಮಚ ಶಿರಾ ಬಡಿಸಿದ. ಅವಳು ಅದನ್ನು ರುಚಿ ನೋಡದೆ ನುಂಗಿದಳು.

ಇಷ್ಟಕ್ಕೇ ಮುಗಿದಿದ್ದರೆ ಅವಳು ಅದನ್ನೂ ನುಂಗುತ್ತಿದ್ದಳೇನೋ. ಹತ್ತು ದಿನದ ಮೇಲೆ ಊರಿನ ಸಮಿತಿಯವರು ಓದಿದವರಿಬ್ಬರನ್ನೂ ನೋಡಬೇಕು ಎಂದರು. ಇಲ್ಲಿ ಬೆಳಗಿನ ಏಳೂವರೆ, ಅಲ್ಲಿ ಹಿಂದಿನ ದಿನದ ಸಂಜೆ. ಪರದೆಯ ಮೇಲೆ ಒಬ್ಬ ಮುದುಕಿ ಬಂದಳು, ಸಮಿತಿಯ ಹಿರಿಯಳು. ದಪ್ಪ ಸ್ವೆಟರು, ಹೆಗಲ ಮೇಲೆ ಬಿಳಿಯ ಜಡೆ. ನಿಧಾನವಾದ ಇಂಗ್ಲಿಷಿನಲ್ಲಿ ಒಂದು ಸಂಗತಿ ಹೇಳಿದಳು. ಹೋದ ಬೇಸಗೆ ತಮ್ಮಲ್ಲಿ ಮಳೆಯೇ ಆಗಲಿಲ್ಲ. ದಿಬ್ಬದ ಪಾಚಿ ಹಪ್ಪಳದಂತೆ ಕಾಲಡಿಯಲ್ಲಿ ಮುರಿಯುತ್ತಿತ್ತು. ನೀರು ಎಂದೂ ಇಲ್ಲದಷ್ಟು ಕೆಳಗೆ ಹೋಗಿತ್ತು. ನಿಮ್ಮ ಪೆಟ್ಟಿಗೆಗೆ ಇದು ಗೊತ್ತಿತ್ತೇ ಎಂದು ಕೇಳಿದಳು.

ಒಣ ಪಾಚಿ, ಅದರಡಿಗೆ ಥಟ್ಟನೆ ನೀರು. ಆ ಗಡಿಯೇ ಅಷ್ಟು ಗಟ್ಟಿಯಾಗಿ ಹೊಳೆದದ್ದು. ಸುಮಂಗಲಾಳಿಗೆ ಉಳಿದಿದ್ದ ಒಂದು ಎಳೆ ಅನುಮಾನವೂ ಅಲ್ಲಿಗೆ ಕಡಿದುಬಿತ್ತು. ಪ್ರಲ್ಹಾದರು ಕನ್ನಡಕ ಸರಿಮಾಡಿಕೊಂಡು, ಒಣಗು ಹಸಿ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡೇ ಓದಿದ್ದೇವೆ, ಚಿಂತೆ ಬೇಡ ಎಂದರು.

ಮುದುಕಿ ಜಡೆಯನ್ನು ಹಿಂದಕ್ಕೆ ಸರಿಸಿದಳು. ಆಮೇಲೆ ಹೇಳಿದಳು: ನಮ್ಮಪ್ಪನ ಕಾಲದಲ್ಲಿ ಎಣ್ಣೆ ಹುಡುಕುವವರು ಬಂದು ಆರು ತೂತು ಕೊರೆದರು, ಆ ಆರೂ ಇವತ್ತು ಕೆರೆಗಳು; ಅದರಲ್ಲೊಂದರಡಿ ನನ್ನ ಅಜ್ಜಿಯ ಗೋರಿ ಇದೆ. ಅದಕ್ಕೇ ಕೊರೆಯುವುದು ಬೇಡ ಎಂದೆವು. ಒಬ್ಬರು ತಪ್ಪಬಹುದು, ಇಬ್ಬರು ಬೇರೆ ಬೇರೆ ಕೂತು ತಪ್ಪಲಾರರು. ನೀವು ಇಬ್ಬರು ಎಂಬ ಕಾರಣಕ್ಕೆ ನಂಬಿದ್ದೇವೆ. ಈ ಚಳಿಗಾಲಕ್ಕೆ ಜಲ್ಲಿ ಬೀಳುತ್ತದೆ. ಬೇಸಗೆಗೆ ಶಾಲೆಯ ಬಸ್ಸು ಅದರ ಮೇಲೆ ಹೋಗುತ್ತದೆ.

ಸುಮಂಗಲಾ ತಲೆ ತಗ್ಗಿಸಿ ಕೂತಿದ್ದಳು. ಮಾತು ನಾಲಗೆಯ ತುದಿಗೆ ಬಂದು, ಪಕ್ಕದಲ್ಲಿದ್ದ ಬಿಳಿ ಬುಶ್ ಶರ್ಟನ್ನು ನೋಡಿ ಹಿಂದೆ ಸರಿಯಿತು. ಕರೆ ಮುಗಿಯಿತು.

ಆವತ್ತು ಸಂಜೆ ಪಲ್ಯಕ್ಕೆ ಹೆಚ್ಚುತ್ತ ಅತ್ತೆಯನ್ನು ಕೇಳಿದಳು. "ಅತ್ಯಾ, ಕಲಿಸಿದವರು ತಪ್ಪು ಹೇಳಿದ್ರ, ಕಲಿತವರು ಮಂದಿ ಮುಂದ ಅನ್ನಬಹುದೇನ್ರಿ?"

ರಂಗೂಬಾಯಿ ಮೊಬೈಲಿನಲ್ಲಿ ಪುರಾಣ ಕೇಳುತ್ತಿದ್ದವರು ಅದನ್ನು ನಿಲ್ಲಿಸಿದರು. "ಯಾರಿಗೆ ಪೆಟ್ಟಾಗ್ತದ ಅದರಿಂದ?"

"ಕಾಣದವರಿಗೆ."

"ಹಂಗಾರ ಅನ್ನಬೇಕು. ಗುರು ಮುಂದ ಬಾಯಿ ಮುಚ್ಚು ಅಂದದ್ದು ನಮ್ಮ ಮಂದಿ. ದೇವರೇನ್ ಹೇಳಿಲ್ಲ ಅದನ್ನ. ನೀ ಮೆಣಸಿನಕಾಯಿ ಸಣ್ಣಗ ಹೆಚ್ಚು."

ರವಿವಾರ ಸುಮಂಗಲಾ ಪ್ರಲ್ಹಾದರ ಮನೆಗೆ ಹೋದಳು. ಯೆರವಡಾದಲ್ಲಿ ಹಳೆಯ ಸೊಸೈಟಿ, ನೆಲಮಹಡಿ. ಬಾಗಿಲಲ್ಲಿ ತುಳಸಿಯ ಕುಂಡ. ಹೆಂಡತಿ ಮಗಳ ಮನೆಗೆ ಹೋಗಿದ್ದರಿಂದ ಅವರೇ ಚಹಾ ಮಾಡಿ ತಂದರು. ಮಾಡಬೇಡಿರೆಂದರೂ ಕೇಳಲಿಲ್ಲ. ಅವಳು ಕಪ್ಪು ಮುಟ್ಟದೆ, ದಾರಿಯುದ್ದಕ್ಕೂ ಕಲಿತುಕೊಂಡು ಬಂದ ಪಾಠದಂತೆ, ಒಂದೇ ಉಸಿರಿಗೆ ಹೇಳಿದಳು: ಏಳನೇ ಸಾಲಿನ ಗೆರೆ ತನ್ನದಲ್ಲ, ತನ್ನ ಕಣ್ಣಿಗೆ ಕಂಡದ್ದು ಬೇರೆ, ನಿಮ್ಮ ಮಾತು ಕೇಳಿ ಬದಲಿಸಿದೆ, ತಪ್ಪಾಯಿತು, ಅಲ್ಲಿ ನೀರಿದೆ.

ಪ್ರಲ್ಹಾದರು ಬಿಸ್ಕೀಟನ್ನು ಚಹಾದಲ್ಲಿ ಅದ್ದಿ ತಿಂದರು.

"ಗೊತ್ತದ," ಎಂದರು.

"ಏನ್ರಿ ಸರ್?"

"ನೀರು ಅಂತ ಗೊತ್ತದ. ನೀ ಮುನ್ನೂರ ಹತ್ತರ ಮುಂದೂ ಏನ್ರಿ ಅಂತ ಕೇಳಿದಿ ನೋಡು, ಆಗನ ಹೋಗಿ ಮತ್ತ ತಗದು ನೋಡಿದೆ. ಕ್ರಮ ತಿರಗೇದ. ಮೊದಲನೇ ಸಲ ಅವಸರದಾಗ ನೋಡಿದ್ದೆ."

ಹೊರಗೆ ಯಾರೋ ಕಾರು ತೊಳೆಯುತ್ತಿದ್ದರು. ಬಕೆಟ್ಟಿಗೆ ನೀರು ಬೀಳುವ ಸದ್ದು ಒಂದಿಷ್ಟು ಹೊತ್ತು ಕೇಳಿತು.

"ಮತ್ತ ತಿದ್ದಲಿಲ್ಯಾಕ್ರಿ?"

"ನಿಂದು ಬ್ಯಾರೆ ಬರ್ತದ, ಕೂತು ಮಾತಾಡಿ ಸರಿ ಮಾಡೂಣು ಅಂತ ಕಾಯ್ದೆ. ಕೂತು ಮಾತಾಡಿದ್ರ ನಂದೇನೂ ಮುಕ್ಕಾಗ್ತಿರ್ಲಿಲ್ಲ. ಆದ್ರ ನಿನ್ನ ಗೆರಿ ಬಂದು ನನ್ನ ಗೆರಿ ಮ್ಯಾಲೆ ಕೂತಬಿಡ್ತು. ಆಮ್ಯಾಲೆ ನಾ ಒಬ್ಬಾವ ಎದ್ದು, ನಿವೃತ್ತಿಗೆ ಎರಡು ತಿಂಗಳಿದ್ದಾಗ, ಮೂವತ್ತು ವರ್ಷ ಓದಿದ ಮನಿಷ್ಯಾ ನೀರಿಗೆ ಹಿಮ ಅಂದೆ ಅಂತ ಡಂಗುರ ಸಾರಲೇನು?"

"ಬಸ್ಸು ಹೋಗ್ತದರಿ ಅದರ ಮ್ಯಾಲೆ."

"ಅದು ಮುಳುಗ್ತದೋ ಇಲ್ಲೋ ದೇವರಿಗೆ ಗೊತ್ತು. ನೀ ಬಾಯಿ ತಗದ್ರ ಕೊರೀತಾರ, ಅದಂತೂ ನನಗೂ ಗೊತ್ತದ, ನಿನಗೂ ಗೊತ್ತದ. ಆ ಮುದುಕಿ ಏನ್ ಬ್ಯಾಡ ಅಂದ್ಲು ಅದನ್ನ ನಿನ್ನ ಕೈಯಾರೆ ಮಾಡಿಸ್ತಿ. ವಿಚಾರ ಮಾಡು."

ಸುಮಂಗಲಾ ವಿಚಾರ ಮಾಡಿಯೇ ಬಂದಿದ್ದಳು. ಇಬ್ಬರೂ ಕೂಡಿ ಪತ್ರ ಬರೆದರೆ ಸಮಿತಿಯವರು ಗುತ್ತಿಗೆಯವರೊಡನೆ ಮಾತಾಡಿ ತಡೆಯಬಹುದೇನೋ ಎಂಬ ಆಸೆ ಇತ್ತು. ಅದನ್ನೂ ಹೇಳಿದಳು. ನಿಮ್ಮ ಹೆಸರು ಮೊದಲು ಇರಲಿ, ನೀವೇ ಕಂಡುಹಿಡಿದಿರಿ ಎಂದಾಗಲಿ, ನಾನು ಹಿಂದೆ ನಿಲ್ಲುತ್ತೇನೆ ಎಂದಳು.

ಪ್ರಲ್ಹಾದರಿಗೆ ಆಗ ಸಿಟ್ಟು ಬಂತು. ದೊಡ್ಡ ದನಿ ತೆಗೆಯಲಿಲ್ಲ, ತಣ್ಣಗೆ ಹೇಳಿದರು. "ಹದಿನಾಲ್ಕು ವರ್ಷ ನಾ ಚಹಾದ ಮುಂದ ಯಾಕ ಮಾತಾಡ್ತಿದ್ದೆ ಅಂತ ತಿಳಕೊಂಡಿ? ಮೈಮರೆತು? ನಾ ಹೇಳಬೇಕು, ನೀ ಕೇಳಬೇಕು, ಗೆರಿ ಕೂಡಬೇಕು. ಹಂಗ ಕೂಡಿದ್ದಕ್ಕನ ಆ ಆಫೀಸಿಗೆ ಹೆಸರು ಬಂದದ್ದು. ನಿನ್ನ ಸಂದರ್ಶನದ ದಿನ ನಿನಕಿಂತ ಛಲೋ ಕಣ್ಣಿದ್ದವರು ಆರು ಮಂದಿ ಬಂದಿದ್ರು, ಸುಮಂಗಲಾ. ನಿನಗ ಕೇಳ್ಲಿಕ್ಕೆ ಬರ್ತಿತ್ತು. ಅದಕ್ಕ ನಿನ್ನ ತಗೊಂಡೆ."

ಅವಳು ಎದ್ದಳು. ಏಳುವಾಗ ರೂಢಿಯಂತೆ ಕಾಲಿಗೆ ನಮಸ್ಕಾರ ಮಾಡಲು ಬಾಗಿದವಳು ಅರ್ಧಕ್ಕೇ ನೆಟ್ಟಗಾದಳು. ಕಪ್ಪಿನ ಚಹಾ ಹಾಗೇ ಕೆನೆಗಟ್ಟಿತ್ತು. ಗೇಟಿನ ಹೊರಗೆ ರಿಕ್ಷಾದವನು "ಕುಠೆ ಜಾಯ್ಚಂಯ್, ತಾಈ?" ಎಂದು ಕೇಳಿದಾಗ ಎಲ್ಲಿಗೆ ಹೋಗಬೇಕೆಂಬುದು ಅವಳಿಗೆ ಕ್ಷಣಹೊತ್ತು ನೆನಪಾಗಲಿಲ್ಲ. ರಿಕ್ಷಾ ಹೊರಟು ಯೆರವಡಾ ಜೈಲಿನ ಗೋಡೆ ಮುಗಿಯುವ ತನಕವೂ ಅವಳು ಒಂದನ್ನೇ ಯೋಚಿಸುತ್ತಿದ್ದಳು: ಈ ಹದಿನಾಲ್ಕು ವರ್ಷದ ಗೆರೆಗಳಲ್ಲಿ ತನ್ನವು ಎಷ್ಟು?

ಸೋಮವಾರ ಪತ್ರ ಬರೆದಳು. ಆರೇ ವಾಕ್ಯ. ಏಳನೆಯ ಸಾಲಿನಲ್ಲಿ ಮುನ್ನೂರ ಹತ್ತರಿಂದ ಮುನ್ನೂರ ಎಂಬತ್ತರವರೆಗೆ ತಾನು ಕಂಡದ್ದನ್ನು ಎಳೆದಿಲ್ಲ, ಅಲ್ಲಿ ಮೇಲೆ ನೀರಿದೆ, ಹಿಮ ಆಳಕ್ಕೆ ಇಳಿದಿದೆ, ತಪ್ಪು ತನ್ನದು. ಪ್ರಲ್ಹಾದರ ಹೆಸರು ಎಲ್ಲಿಯೂ ಹಾಕಲಿಲ್ಲ. ಕಡೆಯ ವಾಕ್ಯದಲ್ಲಿ, ದಯವಿಟ್ಟು ಕೊರೆಯಬೇಡಿ, ರಸ್ತೆಯನ್ನು ದಿಬ್ಬದ ಮೂಡಣಕ್ಕೆ ಸರಿಸಿ, ಅಲ್ಲಿಯ ಸಾಲುಗಳು ಗಟ್ಟಿ ಇವೆ ಎಂದು ಬರೆದಳು. ಆಫೀಸಿಗೆ, ಗುತ್ತಿಗೆಯವರಿಗೆ, ಊರಿಗೆ, ಮೂವರಿಗೂ ಒಂದೇ ಸಲ ಕಳಿಸಿದಳು.

ಗುತ್ತಿಗೆಯವರ ಉತ್ತರ ಎರಡೇ ದಿನಕ್ಕೆ ಬಂತು. ಒಂದು ಸಾಲಿನಲ್ಲಿ ಕಂಡದ್ದನ್ನು ಬಿಟ್ಟು ಎಳೆದವರು ಉಳಿದ ಹನ್ನೊಂದರಲ್ಲಿ ಹಾಗೆ ಎಳೆದಿಲ್ಲವೆಂದು ನಂಬುವುದು ಹೇಗೆ? ಮೂಡಣದ ಸಾಲುಗಳನ್ನು ಓದಿದವರೂ ಇವರೇ ಅಲ್ಲವೇ? ಒಪ್ಪಂದದ ಪ್ರಕಾರ ಯಂತ್ರ ಇಳಿಸುತ್ತೇವೆ.

 

ಡಿಸೆಂಬರಿನಲ್ಲಿ ಮೇಲಿನ ಕೆಸರು ಯಂತ್ರ ಹೊರುವಷ್ಟು ಬಿಗಿಯಾಯಿತು. ಮೊದಲು ಏಳನೆಯ ಸಾಲಿನ ಮೇಲೆ ಹನ್ನೊಂದು ತೂತು. ಸುಮಂಗಲಾ ಹೇಳಿದ ಎಪ್ಪತ್ತು ಮೀಟರಿನಲ್ಲಿ, ಅವಳು ಹೇಳಿದ ಆಳದಲ್ಲಿ, ನೀರು. ಆಮೇಲೆ ಮೂಡಣಕ್ಕೆ ಮೂವತ್ತೆರಡು. ಅಲ್ಲಿ ಎಲ್ಲವೂ ಗಟ್ಟಿ, ಕೊರೆಯಬೇಕಾದ್ದೇ ಇರಲಿಲ್ಲ. ರಸ್ತೆ ಮೂಡಣಕ್ಕೆ ಸರಿಯಿತು. ಅವಳ ಮಾತು ಒಂದಕ್ಷರ ಬಿಡದೆ ನಿಜವಾಯಿತು, ಅದನ್ನು ನಿಜವೆಂದು ತೋರಿಸಲಿಕ್ಕೆ ನಲವತ್ತಮೂರು ತೂತು ಬಿದ್ದವು.

ಪ್ರಲ್ಹಾದರ ಬೀಳ್ಕೊಡುಗೆ ಮೊದಲೇ ಗೊತ್ತುಮಾಡಿದ ದಿನವೇ ಆಯಿತು. ಶಾಲು, ಹಾರ, ಗಣಪತಿಯ ಮೂರ್ತಿ. ಪತ್ರದಲ್ಲಿ ಅವರ ಹೆಸರಿಲ್ಲದ್ದರಿಂದ ಅವರ ಮೇಲೆ ಯಾರೂ ಬೆರಳು ತೋರಿಸಲಿಲ್ಲ. ಹಿರಿಯರು ಅವಸರದಲ್ಲಿ ಒಂದು ತಪ್ಪಿದರು, ಅದನ್ನು ಹಿಡಿಯಬೇಕಾದವಳು ಹಿಡಿಯಲಿಲ್ಲ ಎಂದು ಆಫೀಸು ತೀರ್ಮಾನಿಸಿತು. ಎರಡನೆಯ ಓದು ಇರುವುದೇ ಅದಕ್ಕಲ್ಲವೇ? ಭಾಷಣದಲ್ಲಿ ಅವರು ಎಲ್ಲರ ಹೆಸರನ್ನೂ ನೆನೆದರು, ಸುಖೇಶನ ದೋಸೆಯನ್ನೂ.

ಜನವರಿಯಲ್ಲಿ ಊರಿನ ಮುದುಕಿ ಸುಮಂಗಲಾಳೊಬ್ಬಳೊಡನೆ ಮಾತಾಡಬೇಕೆಂದಳು. ಬೈಯುತ್ತಾಳೆ ಎಂದು ಅವಳು ತಯಾರಾಗಿ ಕೂತಳು. ಮುದುಕಿ ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದಳು. ಗೆರೆ ಎಳೆದ ದಿನವೇ ನೀನು ನಿನಗೆ ಕಂಡದ್ದನ್ನು ಹೇಳಿದ್ದರೆ ಏನಾಗುತ್ತಿತ್ತು?

"ನಾವಿಬ್ಬರೂ ಕೂತು ಮಾತಾಡುತ್ತಿದ್ದೆವು. ರಸ್ತೆ ಮೂಡಣಕ್ಕೆ ಹೋಗುತ್ತಿತ್ತು."

ತೂತುಗಳು?

"ಬೀಳುತ್ತಿರಲಿಲ್ಲ."

ಮುದುಕಿ ತಲೆಯಾಡಿಸಿದಳು, ಲೆಕ್ಕ ತಾಳೆಯಾಯಿತೆಂಬಂತೆ. ಹೇಳಿದ್ದಕ್ಕೆ ನಿನ್ನ ಮೇಲೆ ಕೋಪವಿಲ್ಲ, ಬಸ್ಸಿನಲ್ಲಿ ನನ್ನ ಮೊಮ್ಮಕ್ಕಳಿರುತ್ತಿದ್ದರು ಎಂದಳು. ಆಮೇಲೆ ಸಮಿತಿಯ ನಿರ್ಣಯ ಓದಿದಳು: ಇನ್ನು ಮುಂದೆ ನಮ್ಮ ನೆಲವನ್ನು ಯಾರೂ ಕೊರೆಯುವುದೂ ಬೇಡ, ಕೊರೆಯದೆ ನೋಡುವುದೂ ಬೇಡ. ಒಂಬತ್ತು ವರ್ಷದ ಸಾಲುಗಳು ನಮ್ಮವು. ನಿಮ್ಮಲ್ಲಿರುವ ಪ್ರತಿಗಳನ್ನು ಅಳಿಸಿಬಿಡಿ. ಅಳಿಸುವ ಕೆಲಸವನ್ನು ನೀನೇ ಮಾಡಬೇಕು.

ಫೆಬ್ರವರಿಯ ಮೊದಲ ವಾರ, ಮಧ್ಯಾಹ್ನ ಊಟವಾದ ಮೇಲೆ, ಸುಮಂಗಲಾ ಅಳಿಸಲು ಕೂತಳು. ಅಪೇಕ್ಷಾ ಸಾಕ್ಷಿಗೆ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡಳು. ಕಾಗದದ ಮೇಲೆ ಇಬ್ಬರ ಸಹಿ ಬೇಕಿತ್ತು.

"ಅಕ್ಕ, ಏಳನೇ ಸಾಲು ಒಂದಾದ್ರೂ ಕಾಪಿ ಇಟ್ಕೊಳ್ಳಿ. ನೀವು ಕರೆಕ್ಟ್ ಆಗಿ ನೋಡಿದ್ರಿ ಅನ್ನೋದಕ್ಕೆ ಅದೊಂದೇ ಪ್ರೂಫ್. ನಾಳೆ ಯಾರಾದ್ರೂ ಕೇಳಿದ್ರೆ?"

"ಅಳಸ್ರಿ ಅಂದಾರವಾ."

"ನಾನು ಸಹಿ ಹಾಕ್ತೀನಿ. ಯಾರಿಗೂ ಹೇಳಲ್ಲ, ಪ್ರಾಮಿಸ್."

ಸುಮಂಗಲಾ ಅವಳ ಕಡೆ ತಿರುಗಿ ನೋಡಿದಳು. ಅಪೇಕ್ಷಾ ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡಳು.

ಒಂದೊಂದೇ ವರ್ಷವನ್ನು ತೆರೆದು, ಹನ್ನೆರಡು ಸಾಲೂ ಇದೆಯೇ ಎಂದು ನೋಡಿ, ಅಳಿಸುತ್ತ ಬಂದಳು. ಮೂರನೆಯ ವರ್ಷ ಮುಗಿಯುವ ಹೊತ್ತಿಗೆ ಫೋನು ಬಂತು. ಪ್ರ­ಲ್ಹಾದರದು. ನಿವೃತ್ತಿಯ ನಂತರ ಅದೇ ಮೊದಲ ಸಲ.

"ಅಳಸ್ಲಿಕತ್ತೀ ಅಂತಲ್ಲಾ? ಆಫೀಸಿನ್ಯಾಗ ಅಂದ್ರು."

"ಹೌದ್ರಿ ಸರ್."

"ಎಲ್ಲಾನೂ?"

"ಎಲ್ಲಾನೂರಿ."

"ಈ ವರ್ಷದ ಏಳನೇದೂ?"

"ಅದು ಕೊನೀಗೆ ಬರ್ತದರಿ."

"ಛಲೋ ಆತು," ಎಂದರು ಪ್ರಲ್ಹಾದ. ದನಿಯಲ್ಲಿ ಹಗುರಾದದ್ದು ಇಷ್ಟು ದೂರಕ್ಕೂ ತಿಳಿಯುವಂತಿತ್ತು. "ಛಲೋ ಆತು ಬಿಡು. ಆಗಿದ್ದಾತು. ಒಮ್ಮೆ ಮನೀಕಡೆ ಬಾ."

ಅವಳು ಫೋನು ಕೆಳಗಿಟ್ಟು ನಾಲ್ಕನೆಯ ವರ್ಷ ತೆರೆದಳು. ಮುಗಿಯಲು ಸಂಜೆಯಾಯಿತು. ಈ ವರ್ಷದ ಏಳನೆಯ ಸಾಲು ಬಂದಾಗ ಅಪೇಕ್ಷಾ ತಾನಾಗಿಯೇ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತಳು, ಬೇಕಾದರೆ ಮನಸ್ಸು ಬದಲಿಸಲಿ ಎಂಬಂತೆ. ಸುಮಂಗಲಾ ಎಡದಿಂದ ಬಲಕ್ಕೆ ಒಮ್ಮೆ ಓದಿದಳು, ಮುನ್ನೂರ ಹತ್ತರ ಮುಂದೂ, ಕೊನೆಯ ತನಕ. ಆಮೇಲೆ ಅದನ್ನೂ ಅಳಿಸಿ, "ಬಾರವಾ, ಸಹಿ ಮಾಡು" ಎಂದು ಕಾಗದ ಮುಂದೆ ಸರಿಸಿದಳು.